ಡಬ್ಬಿಯ ಮೇಲಿನ ಲೋಗೊ, ಕಪಾಟಿನೊಳಗಿನ ಡಿಸ್ಕು

ಪುಣೆ ಬಳಿಯ ದೇಹೂ ರೋಡಿನಲ್ಲಿ ಹೈ-ಡೆಫಿನಿಷನ್ ಡಿಸ್ಕ್ ಪ್ಲೇಯರ್ ಬೇಕು ಎಂದು ಹೊರಟವರಿಗೆ ಬೆಲೆಗಿಂತ ಮೊದಲು ಅಡ್ಡ ಬರುವುದು ಅಂಗಡಿ. ಹದಿನೈದು ವರ್ಷದ ಹಿಂದೆ ಪಿಂಪ್ರಿ ಕ್ಯಾಂಪಿನ ಟಿವಿ ಅಂಗಡಿಗಳಲ್ಲಿ ಪ್ಲೇಯರುಗಳಿಗೆಂದೇ ಒಂದು ಗೋಡೆ ಇರುತ್ತಿತ್ತು. ಈಗ ಆ ಗೋಡೆಗೆ ಸೌಂಡ್‌ಬಾರ್‌ಗಳು ಬಂದು ಕೂತಿವೆ. ಲೋಕಲ್ ಹಿಡಿದು ಶಿವಾಜಿನಗರದಲ್ಲಿ ಇಳಿದು, ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯವರೆಗೆ ಹೋದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲೇ ಇದೆ. ಅಲ್ಲೂ ಬ್ಲೂ-ರೇ ಪ್ಲೇಯರ್ ಕೇಳಿದರೆ ಸಿಗುವುದು ‘ಆತಾ ಕೋಣ್ ಘೇತೋ, ಸಾಹೇಬ್?’ ಎಂಬ ಮರುಪ್ರಶ್ನೆ. ಈಗ ಅದನ್ನೆಲ್ಲ ಯಾರು ತಗೋತಾರೆ ಅಂತ.

ತಗೊಳ್ಳುವವರು ಇದ್ದಾರೆ. ಸೈನ್ಯದ ಆರ್ಡ್‌ನೆನ್ಸ್ ಡಿಪೋದಲ್ಲಿ, ಫ್ಯಾಕ್ಟರಿಯಲ್ಲಿ, ರೈಲ್ವೆಯಲ್ಲಿ ಕೆಲಸ ಮಾಡಿ ಇಲ್ಲೇ ನೆಲೆ ನಿಂತ ಕನ್ನಡ ಮನೆಗಳು ದೇಹೂ ರೋಡಿನಿಂದ ಪಿಂಪ್ರಿ-ಚಿಂಚವಾಡದವರೆಗೆ ಹರಡಿವೆ. ಈ ಮನೆಗಳ ಟಿವಿ ಕಪಾಟಿನ ಕೆಳಖಾನೆಯಲ್ಲಿ ಒಂದು ತರಹದ ಸಂಗ್ರಹ ಇದ್ದೇ ಇರುತ್ತದೆ. ಬೆಳಗಾವಿ, ಹುಬ್ಬಳ್ಳಿ ಬಸ್ ನಿಲ್ದಾಣದ ಬಳಿ ಕೊಂಡ ರಾಜಕುಮಾರ್ ಸಿನಿಮಾಗಳ ವಿಸಿಡಿ, ಉಡುಪಿ ಕಡೆಯವರಾದರೆ ಯಕ್ಷಗಾನ ಪ್ರಸಂಗ, ಮಗಳ ಮದುವೆಯ ಡಿವಿಡಿ, ಮೊಮ್ಮಗನ ಜವಳದ್ದು ಇನ್ನೊಂದು. ಮನೆ ಮುಂದಿನ ಹಳೇ ಹೆದ್ದಾರಿ ಹಿಡಿದರೆ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಿ ನೇರ ಬೆಂಗಳೂರು. ಡಿಸ್ಕುಗಳು ಬಂದದ್ದೂ ಅದೇ ದಾರಿಯಲ್ಲಿ, ಊರಿಗೆ ಹೋಗಿಬಂದವರ ಬ್ಯಾಗಿನಲ್ಲಿ. ಯಾವ ಪ್ಲೇಯರ್ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ಕೆಳಖಾನೆಯಿಂದ ಶುರುಮಾಡಬೇಕು ಎಂಬುದು ನನ್ನ ವಾದ. ಪತ್ರಿಕೆಗಳ ಗ್ಯಾಜೆಟ್ ಅಂಕಣಗಳು ಯಾವಾಗಲೂ ಡಬ್ಬಿಯ ಮೇಲಿನ ಲೋಗೊದಿಂದ ಶುರುಮಾಡಿದವು. ಹಾಗೆ ಶುರುಮಾಡಿದವರಲ್ಲಿ ಅನೇಕರು ದುಡ್ಡು ಕಳೆದುಕೊಂಡರು.

ಆ ಲೋಗೊಗಳ ಜಗಳವನ್ನು ಒಮ್ಮೆ ನೋಡಿಬರೋಣ. 2006ರ ವಸಂತದಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನು ಮಾರುಕಟ್ಟೆಗೆ ತಂದಿತು. ಎರಡು ತಿಂಗಳಲ್ಲೇ ಸೋನಿ, ಪ್ಯಾನಸಾನಿಕ್, ಫಿಲಿಪ್ಸ್, ಸ್ಯಾಮ್‌ಸಂಗ್ ಮೊದಲಾದವರ ಬ್ಲೂ-ರೇ ಎದುರು ನಿಂತಿತು. ಎರಡರಲ್ಲೂ ನೀಲಿ-ನೇರಳೆ ಬಣ್ಣದ 405 ನ್ಯಾನೊಮೀಟರ್ ಲೇಸರ್, ಎರಡರಲ್ಲೂ 1920×1080 ಚಿತ್ರ. ವ್ಯತ್ಯಾಸ ಇದ್ದದ್ದು ಡಿಸ್ಕಿನ ಮೈಯಲ್ಲಿ. ಎಚ್‌ಡಿ ಡಿವಿಡಿ ಹಳೆಯ ಡಿವಿಡಿಯ ಹಾಗೆಯೇ ಮಾಹಿತಿಯ ಪದರವನ್ನು 0.6 ಮಿಲಿಮೀಟರ್ ಆಳದಲ್ಲಿ ಇಟ್ಟಿತು. ಹಾಗಾಗಿ ಹಳೆಯ ಕಾರ್ಖಾನೆಗಳಲ್ಲೇ, ಅಲ್ಪ ಬದಲಾವಣೆಯೊಂದಿಗೆ, ಅಗ್ಗವಾಗಿ ಒತ್ತಬಹುದಿತ್ತು. ಒಂದು ಪದರಕ್ಕೆ 15 ಜಿಬಿ. ಬ್ಲೂ-ರೇ ಆ ಪದರವನ್ನು ಮೇಲ್ಮೈಯಿಂದ ಬರೀ 0.1 ಮಿಲಿಮೀಟರಿಗೆ ತಂದು 25 ಜಿಬಿ ತುಂಬಿಸಿತು. ಅಷ್ಟು ಮೇಲೆ ಬಂದರೆ ಸಣ್ಣ ಗೀರೂ ಮಾಹಿತಿಗೆ ತಾಗುತ್ತದಲ್ಲ, ಅದಕ್ಕೆ ಗಟ್ಟಿ ಲೇಪವೊಂದನ್ನು ಬಳಿಯಬೇಕಾಯಿತು.

ಬೆಲೆಯ ಕಥೆ ಇನ್ನೂ ಮಜವಾಗಿದೆ. ತೋಷಿಬಾದ ಮೊದಲ ಯಂತ್ರಕ್ಕೆ ಅಮೆರಿಕದಲ್ಲಿ 500 ಡಾಲರ್, ಸ್ಯಾಮ್‌ಸಂಗ್‌ನ ಮೊದಲ ಬ್ಲೂ-ರೇಗೆ 1000 ಡಾಲರ್. ಒಂದೂವರೆ ವರ್ಷ ಕಳೆದು 2007ರ ನವೆಂಬರ್ ಬರುವಷ್ಟರಲ್ಲಿ ವಾಲ್‌ಮಾರ್ಟ್ ತೋಷಿಬಾದ ಒಂದು ಮಾದರಿಯನ್ನು ನೂರು ಡಾಲರಿಗೂ ಕಡಿಮೆಗೆ ಸುರಿಯಿತು. ಜನ ಸಾಲುಗಟ್ಟಿ ಕೊಂಡರು. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದಿತು. ಫೆಬ್ರವರಿ 19ರಂದು ತೋಷಿಬಾ ಕೈ ಎತ್ತಿತು. ಅಗ್ಗಕ್ಕೆ ಸಿಕ್ಕಿತೆಂದು ನವೆಂಬರಿನಲ್ಲಿ ಹಿಗ್ಗಿದವರ ಮನೆಯಲ್ಲಿ ಫೆಬ್ರವರಿಗೆ ಉಳಿದದ್ದು ಒಂದು ಒಳ್ಳೆಯ ಡಿವಿಡಿ ಪ್ಲೇಯರ್ ಮತ್ತು ಮುಂದೆ ಬೆಳೆಯದ ಒಂದಿಷ್ಟು ಡಿಸ್ಕುಗಳು. ಅದೇ ತೋಷಿಬಾ 2009ರಲ್ಲಿ ಬ್ಲೂ-ರೇ ಸಂಘವನ್ನೇ ಸೇರಿತು. ಸೋತ ಕಂಪನಿಗೆ ಎದುರಾಳಿಯ ಪಾಳೆಯದಲ್ಲಿ ಜಾಗ ಸಿಗುತ್ತದೆ, ಸೋತ ಗಿರಾಕಿಗೆ ಹಾಗೇನಿಲ್ಲ.

ಗೆದ್ದ ಕಡೆ ನಿಂತವರೂ ಪೂರ್ತಿ ಪಾರಾಗಲಿಲ್ಲ ಎಂಬುದನ್ನು ಹೆಚ್ಚು ಜನ ಮರೆತಿದ್ದಾರೆ. ಮೊದಲ ಬ್ಲೂ-ರೇ ಯಂತ್ರಗಳು ಪ್ರೊಫೈಲ್ 1.0ದವು. 2007ರ ನವೆಂಬರಿನಿಂದ 1.1 ಕಡ್ಡಾಯವಾಯಿತು, ಬಳಿಕ ಇಂಟರ್ನೆಟ್ ಜೋಡಣೆಯ 2.0 ಬಂತು. ಹಳೆಯ ಯಂತ್ರದಲ್ಲಿ ಸಿನಿಮಾ ಓಡುತ್ತಿತ್ತು, ಹೊಸ ಸೌಲಭ್ಯಗಳು ಓಡುತ್ತಿರಲಿಲ್ಲ. ಪ್ಲೇಸ್ಟೇಷನ್ 3 ಕೊಂಡವರು ಮಾತ್ರ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲೇ ಮುಂದಕ್ಕೆ ಸಾಗಿದರು. ಭಾರತದಲ್ಲಿ 2007ರ ಏಪ್ರಿಲ್‌ನಲ್ಲಿ ಅದಕ್ಕೆ 39,990 ರೂಪಾಯಿ. ಆಟದ ಸಾಮಾನಿಗೆ ಅಷ್ಟು ದುಡ್ಡೇ ಎಂದು ಹಿರಿಯರು ಬೈದ ಆ ಯಂತ್ರವೇ ಆ ಕಾಲದ ಜಾಣ ಬ್ಲೂ-ರೇ ಪ್ಲೇಯರ್ ಆಗಿತ್ತು.

ಈ ಯುದ್ಧ ನಡೆಯುತ್ತಿದ್ದಾಗ ದೇಹೂ ರೋಡಿನ ಕನ್ನಡ ಮನೆಯಲ್ಲಿ ಏನಾಗುತ್ತಿತ್ತು? ಏನೂ ಇಲ್ಲ. ಅಲ್ಲಿ ನಡೆಯುತ್ತಿದ್ದ ಕ್ರಾಂತಿಯೇ ಬೇರೆ. ಗ್ರೇಟರ್ ನೋಯ್ಡಾದ ಮೋಸರ್ ಬೇಯರ್ ಕಂಪನಿ ಅದೇ ಹೊತ್ತಿಗೆ ಸಿನಿಮಾ ಮಾರಾಟಕ್ಕೆ ಇಳಿದು ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಎಂದು ಬೆಲೆ ಕಟ್ಟಿತು. ನೂರಾರು ರೂಪಾಯಿಯ ಡಿವಿಡಿ ಕಂಡಿದ್ದ ಜನಕ್ಕೆ ಅದು ನಂಬಲಾಗದ ಬೆಲೆ. ಕಳ್ಳ ಡಿಸ್ಕಿನವನಿಗೂ ಅದರ ಕೆಳಗೆ ಹೋಗುವುದು ಕಷ್ಟವಾಯಿತು. ಜಗತ್ತು ಹೆಚ್ಚು ಸ್ಪಷ್ಟ ಚಿತ್ರಕ್ಕಾಗಿ ಬಡಿದಾಡುತ್ತಿದ್ದಾಗ ನಮ್ಮ ಮಾರುಕಟ್ಟೆ ಕಡಿಮೆ ಬೆಲೆಯ ಚಿತ್ರಕ್ಕೆ ಮುಗಿಬಿದ್ದಿತ್ತು. ಆ ಕಂಪನಿಯೂ ಉಳಿಯಲಿಲ್ಲ, 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ಅದರ ಡಿಸ್ಕುಗಳು ಮಾತ್ರ ಕಪಾಟಿನಲ್ಲಿವೆ.

ಆ ಡಿಸ್ಕುಗಳಲ್ಲಿ ಏನಿದೆ ಎಂದು ಸ್ವಲ್ಪ ಲೆಕ್ಕ ಹಾಕಬೇಕು, ಏಕೆಂದರೆ ಪ್ಲೇಯರಿನ ಆಯ್ಕೆ ಇಲ್ಲೇ ತೀರ್ಮಾನವಾಗುತ್ತದೆ. ವಿಸಿಡಿಯ ಚಿತ್ರ 352×288 ಚುಕ್ಕೆಗಳದ್ದು, ಒಟ್ಟು ಒಂದು ಲಕ್ಷ ಚಿಲ್ಲರೆ. ಡಿವಿಡಿಯದು 720×576, ನಾಲ್ಕು ಲಕ್ಷ ದಾಟುತ್ತದೆ. ಹೈ-ಡೆಫಿನಿಷನ್ ಅಂದರೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು, ಡಿವಿಡಿಯ ಸರಿಯಾಗಿ ಐದು ಪಟ್ಟು. 4ಕೆ ಅದರ ನಾಲ್ಕು ಪಟ್ಟು. ಚುಕ್ಕೆಯ ಎಣಿಕೆ ಅರ್ಧ ಸತ್ಯ ಅಷ್ಟೇ. ಇನ್ನರ್ಧ ಇರುವುದು ಪ್ರತಿ ಸೆಕೆಂಡಿಗೆ ಎಷ್ಟು ಮಾಹಿತಿ ತುಂಬಿದ್ದಾರೆ ಎಂಬುದರಲ್ಲಿ. ಎರಡೂವರೆ ಗಂಟೆಯ ಸಿನಿಮಾವನ್ನು 4.7 ಜಿಬಿ ಡಿವಿಡಿಗೆ ತುಂಬಿದರೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಸಿಗುತ್ತದೆ, ಪರವಾಗಿಲ್ಲ. ‘ತ್ರೀ ಇನ್ ಒನ್’ ಎಂದು ಒಂದೇ ಡಿಸ್ಕಿನಲ್ಲಿ ಮೂರು ಸಿನಿಮಾ ತುರುಕಿದ ಡಿವಿಡಿಗಳು ನೆನಪಿವೆಯಲ್ಲ? ಒಂದೇ ಪದರದ ಡಿಸ್ಕಾದರೆ ಅದರಲ್ಲಿ ಒಂದೊಂದು ಸಿನಿಮಾಕ್ಕೆ ಸಿಗುವುದು ಸೆಕೆಂಡಿಗೆ 1.4 ಮೆಗಾಬಿಟ್. ವಿಸಿಡಿಗೆ 1.15 ಇತ್ತು. ಡಿವಿಡಿ ಎಂಬ ಹೆಸರಿನಲ್ಲಿ ಮನೆಗೆ ಬಂದದ್ದು ವಿಸಿಡಿಗಿಂತ ಒಂದು ಗುಲಗಂಜಿ ಹೆಚ್ಚು. ಮಳೆ ಸುರಿಯುವ ದೃಶ್ಯ ಬಂದರೆ ಪರದೆಯೆಲ್ಲ ಚೌಕುಳಿ ಚೌಕುಳಿ. ಅಂಥ ಒಂದೇ ಸಿನಿಮಾವನ್ನು 25 ಜಿಬಿ ಬ್ಲೂ-ರೇಗೆ ತುಂಬಿದ್ದರೆ ಸೆಕೆಂಡಿಗೆ 22 ಮೆಗಾಬಿಟ್ ಬರುತ್ತಿತ್ತು.

ತುಂಬಿದ್ದರೆ ಎಂದೆ. ಹಿಂದಿಯ ದೊಡ್ಡ ಸಿನಿಮಾಗಳಿಗೆ ಬ್ಲೂ-ರೇ ಬಂದವು, ತಮಿಳು-ತೆಲುಗಿಗೂ ಒಂದಿಷ್ಟು ಬಂದವು. ಕನ್ನಡದ ಪಾಲಿಗೆ ಅದು ಬೆರಳೆಣಿಕೆಯ ವಿಷಯ. ನಮ್ಮಲ್ಲಿ ಸಿನಿಮಾಗಳು ಡಿಜಿಟಲ್ ಕ್ಯಾಮೆರಾಕ್ಕೆ ಬಂದು ಎಚ್‌ಡಿ ಪ್ರತಿ ಸುಲಭವಾಗಿ ಸಿಗುವ ಹೊತ್ತಿಗೆ ಡಿಸ್ಕಿನ ವ್ಯಾಪಾರವೇ ಕುಸಿದಿತ್ತು. ಆ ಪ್ರತಿಗಳು ನೇರ ಟಿವಿ ಚಾನೆಲ್ಲಿಗೆ, ಆಮೇಲೆ ಓಟಿಟಿಗೆ ಹೋದವು. ಕನ್ನಡ ಸಿನಿಮಾ ನೋಡುವುದಕ್ಕಾಗಿಯೇ ಬ್ಲೂ-ರೇ ಪ್ಲೇಯರ್ ಕೊಳ್ಳುತ್ತೇನೆ ಅನ್ನುವವರಿಗೆ ಹೇಳುವುದು ಒಂದೇ ಮಾತು: ಬೇಡ.

ಹಳೆಯ ಡಿವಿಡಿಯನ್ನೇ ಹೊಸ ಪ್ಲೇಯರ್ ಎಚ್‌ಡಿ ಮಾಡಿ ತೋರಿಸುತ್ತದಂತಲ್ಲ ಎಂದು ಕೇಳುವವರಿದ್ದಾರೆ. ಅಪ್‌ಸ್ಕೇಲಿಂಗ್ ಎಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ನಾಲ್ಕು ಲಕ್ಷ ಚುಕ್ಕೆಯ ನಡುವೆ ಉಳಿದ ಹದಿನಾರು ಲಕ್ಷವನ್ನು ಯಂತ್ರ ಊಹಿಸಿ ತುಂಬುತ್ತದೆ. ಅಂಚುಗಳು ನಯವಾಗುತ್ತವೆ, ಇಲ್ಲದ ವಿವರ ಹುಟ್ಟುವುದಿಲ್ಲ. ಈಗಿನ ಟಿವಿ ಕೂಡ ಇದೇ ಕೆಲಸವನ್ನು ತಾನೇ ಮಾಡುತ್ತದೆ. ಇದಕ್ಕಾಗಿ ಬೇರೆ ದುಡ್ಡು ಕೊಡಬೇಕಾಗಿಲ್ಲ.

ಕೂರುವ ದೂರದ ಲೆಕ್ಕವೂ ಇದೆ, ಅಂಗಡಿಯವನು ಹೇಳದ್ದು. ಸಾಮಾನ್ಯ ಕಣ್ಣಿಗೆ 32 ಇಂಚಿನ ಟಿವಿಯಲ್ಲಿ ಫುಲ್ ಎಚ್‌ಡಿಯ ಒಂದೊಂದು ಚುಕ್ಕೆಯೂ ದಕ್ಕಬೇಕಾದರೆ ನಾಲ್ಕು ಅಡಿ ದೂರದಲ್ಲಿ ಕೂರಬೇಕು. 55 ಇಂಚಿಗೆ ಏಳು ಅಡಿ. ಅದೇ 55 ಇಂಚಿನಲ್ಲಿ 4ಕೆಯ ಪೂರ್ತಿ ಲಾಭ ಬೇಕಾದರೆ ಮೂರೂವರೆ ಅಡಿ. ಕ್ವಾರ್ಟರ್ಸಿನ ಹಾಲಿನಲ್ಲಿ ಸೋಫಾ ಎಂಟು ಹತ್ತು ಅಡಿ ದೂರ ಇರುತ್ತದೆ. ಅಲ್ಲಿಂದ 4ಕೆಯ ಹೆಚ್ಚುಗಾರಿಕೆ ಕಾಣುವುದು ಬಣ್ಣ ಮತ್ತು ಬೆಳಕಿನ ಆಳದಲ್ಲಿ, ಅಂದರೆ ಎಚ್‌ಡಿಆರ್‌ನಲ್ಲಿ. ಟಿವಿಗೇ ಅಷ್ಟು ಬೆಳಕು ಇಲ್ಲದಿದ್ದರೆ ಅದೂ ಇಲ್ಲ.

ಈಗಿನ ಸ್ಥಿತಿಗೆ ಬರೋಣ. 2016ರಲ್ಲಿ 4ಕೆ ಬ್ಲೂ-ರೇ ಬಂದಾಗ ಎದುರಾಳಿ ಫಾರ್ಮ್ಯಾಟೇ ಇರಲಿಲ್ಲ. ಆದರೂ ಮಾರುಕಟ್ಟೆ ಕುಗ್ಗುತ್ತಲೇ ಹೋಯಿತು. ಹವ್ಯಾಸಿಗಳ ಅಚ್ಚುಮೆಚ್ಚಿನ ಓಪ್ಪೊ ಕಂಪನಿ 2018ರಲ್ಲಿ ಪ್ಲೇಯರ್ ಮಾಡುವುದನ್ನು ಬಿಟ್ಟಿತು, 2019ರಲ್ಲಿ ಸ್ಯಾಮ್‌ಸಂಗ್ ಅಮೆರಿಕಕ್ಕೆ ಹೊಸ ಮಾದರಿ ತರುವುದಿಲ್ಲ ಎಂದಿತು, ಬಳಿಕ ಎಲ್‌ಜಿಯೂ ಹಿಂದೆ ಸರಿಯಿತು. ಮನೆಯಲ್ಲಿ ರೆಕಾರ್ಡ್ ಮಾಡುವ ಖಾಲಿ ಬ್ಲೂ-ರೇ ಡಿಸ್ಕುಗಳ ಉತ್ಪಾದನೆಯನ್ನು ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಡಿವಿಡಿ ಬಾಡಿಗೆಯಿಂದಲೇ ಬೆಳೆದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರಿನಲ್ಲಿ ಕೊನೆಯ ಡಿಸ್ಕನ್ನು ಅಂಚೆಗೆ ಹಾಕಿತು. ಪ್ಲೇಯರ್ ತಯಾರಿಸುವವರಲ್ಲಿ ಎಣಿಸಿ ಹೇಳಬಹುದಾದ ದೊಡ್ಡ ಹೆಸರುಗಳು ಸೋನಿ, ಪ್ಯಾನಸಾನಿಕ್. ನಮ್ಮಲ್ಲಿ ಮಾರಾಟಕ್ಕೆ ಸಿಗುವ 4ಕೆ ಯಂತ್ರಗಳಲ್ಲಿ ಬಹುಪಾಲು ಆಮದು ಸರಕು. ಬೆಲೆ ಮಾರುವವನ ಬಾಯಿಗೆ ಬಂದದ್ದು, ವಾರಂಟಿ ಅವನ ಅಂಗಡಿ ಇರುವವರೆಗೆ. ದೇಹೂ ರೋಡಿನಲ್ಲಿ ಸೈನ್ಯದ ಮನೆಯವರು ಮೊದಲು ನೋಡುವುದು ಸಿಎಸ್‌ಡಿ ಕ್ಯಾಂಟೀನಿನ ಬೆಲೆ. ಟಿವಿ, ಫ್ರಿಜ್‌ಗೆ ಅದು ಸರಿಯಾದ ದಾರಿ, ಪ್ಲೇಯರಿಗೆ ಅಲ್ಲಿ ಆಸೆ ಇಟ್ಟುಕೊಳ್ಳುವುದು ಬೇಡ.

ಹಾಗಿದ್ದರೆ ಯಾವ ಮನೆಗೆ ಯಾವುದು?

ಮನೆಯಲ್ಲಿ ಹುಡುಗರಿದ್ದು ಹೇಗೂ ಗೇಮ್ ಕನ್ಸೋಲ್ ಬರುವುದಿದ್ದರೆ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ತೆಗೆದುಕೊಳ್ಳಿ, 4ಕೆ ಬ್ಲೂ-ರೇ ಅದರಲ್ಲೇ ಓಡುತ್ತದೆ. ಡಿಜಿಟಲ್ ಎಡಿಷನ್ ಎಂದು ಅಗ್ಗಕ್ಕೆ ಸಿಗುವುದರಲ್ಲಿ ಡಿಸ್ಕ್ ಹಾಕುವ ಬಾಯಿಯೇ ಇರುವುದಿಲ್ಲ, ಎಚ್ಚರ. ಇನ್ನೊಂದು ವಿಚಿತ್ರ: ಪ್ಲೇಸ್ಟೇಷನ್ 4 ಮತ್ತು 5 ಮಾಮೂಲಿ ಆಡಿಯೊ ಸಿಡಿಯನ್ನು ಓದುವುದಿಲ್ಲ. ನೂರು ಜಿಬಿಯ ಡಿಸ್ಕನ್ನು ಸಲೀಸಾಗಿ ಓದುವ ಯಂತ್ರಕ್ಕೆ ಅಜ್ಜಿಯ ದಾಸರ ಪದಗಳ ಸಿಡಿ ಅರ್ಥವಾಗುವುದಿಲ್ಲ. ಲ್ಯಾಪ್‌ಟಾಪಿಗೆ ಡ್ರೈವ್ ಜೋಡಿಸಿ 4ಕೆ ಡಿಸ್ಕ್ ನೋಡುವ ಯೋಚನೆಯನ್ನು ಕೈಬಿಡಿ. ಅದರ ಕೀಲಿಗೆ ಬೇಕಾದ ಭದ್ರತಾ ವ್ಯವಸ್ಥೆಯನ್ನು ಇಂಟೆಲ್ ತನ್ನ ಹೊಸ ಸಾಮಾನ್ಯ ಪ್ರೊಸೆಸರ್‌ಗಳಿಂದ ತೆಗೆದುಹಾಕಿದೆ.

ಅಮೆರಿಕದಲ್ಲಿ ಮಗನೋ ಮಗಳೋ ಇದ್ದು ಬರುವಾಗ ಡಿಸ್ಕು ತರುತ್ತಾರಾದರೆ ಪ್ರದೇಶದ ಕೋಡ್ ನೋಡಬೇಕು. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ನಾವು ರಷ್ಯಾ-ಚೀನಾದ ಜೊತೆ ‘ಸಿ’. ಡಿವಿಡಿಯಲ್ಲಿ ಅಮೆರಿಕ 1, ನಾವು 5. ಅಲ್ಲಿಯ ಡಿಸ್ಕು ಇಲ್ಲಿಯ ಪ್ಲೇಯರಿನಲ್ಲಿ ಬಾಯಿ ಬಿಡದೇ ಇರಬಹುದು. 4ಕೆ ಡಿಸ್ಕುಗಳಿಗೆ ಮಾತ್ರ ಈ ಕೋಡಿನ ಕಾಟವಿಲ್ಲ. ಅದೊಂದು ಕಾರಣಕ್ಕೆ, ಹಾಲಿವುಡ್ ಸಿನಿಮಾ ಡಿಸ್ಕಿನಲ್ಲೇ ನೋಡುವ ಹವ್ಯಾಸ ಇರುವವರಿಗೆ 4ಕೆ ಪ್ಲೇಯರ್ ಸಮರ್ಥನೀಯ.

ಮಿಕ್ಕವರು, ಅಂದರೆ ಬಹುತೇಕ ಮನೆಗಳು, ಸಾಧಾರಣ ಫುಲ್ ಎಚ್‌ಡಿ ಬ್ಲೂ-ರೇ ಪ್ಲೇಯರ್ ಅಥವಾ ಗಟ್ಟಿಮುಟ್ಟಾದ ಡಿವಿಡಿ ಪ್ಲೇಯರ್‌ಗಳ ನಡುವೆ ಆರಿಸಬೇಕು. ಇಲ್ಲಿ ನಾನು ನೋಡುವುದು ಒಂದೇ ಸಂಗತಿ: ವಿಸಿಡಿ ಓದುತ್ತದೆಯೇ? ಹೊಸ ಬ್ಲೂ-ರೇ ಯಂತ್ರಗಳಲ್ಲಿ ಕೆಲವು ಓದುತ್ತವೆ, ಕೆಲವು ಓದುವುದಿಲ್ಲ. ಮಾರುವವನಿಗೆ ಗೊತ್ತಿರುವುದಿಲ್ಲ, ಮ್ಯಾನ್ಯುಯಲ್‌ನ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಇದಕ್ಕೇಕೆ ಇಷ್ಟು ಮಹತ್ವ ಎಂದರೆ, ರಾಜಕುಮಾರ್ ಸಿನಿಮಾ ಇವತ್ತು ಟಿವಿಯಲ್ಲೋ ಯೂಟ್ಯೂಬಿನಲ್ಲೋ ಸಿಕ್ಕೀತು. ಎರಡು ದಶಕದ ಹಿಂದೆ ಕರಾವಳಿಯಲ್ಲಿ ರೆಕಾರ್ಡ್ ಮಾಡಿ ಮಾರಿದ ಬಡಗುತಿಟ್ಟಿನ ಪ್ರಸಂಗಗಳು, ಚಿಟ್ಟಾಣಿ ರಾಮಚಂದ್ರ ಹೆಗಡೆಯವರಂಥ ಕಲಾವಿದರು ಕುಣಿದ ರಾತ್ರಿಗಳು, ಉತ್ತರ ಕರ್ನಾಟಕದ ಭಜನೆ-ತತ್ವಪದಗಳ ಡಿಸ್ಕುಗಳು ಎಲ್ಲವೂ ಓಟಿಟಿಗೆ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಚಿಟ್ಟಾಣಿಯವರು 2017ರಲ್ಲಿ ತೀರಿಕೊಂಡರು. ಆ ಕುಣಿತದ ಮತ್ತೊಂದು ಪ್ರತಿ ಎಚ್‌ಡಿಯಲ್ಲಿ ಬರುವಂತಿಲ್ಲ. ಪ್ರಸಂಗ ಮೂರು ಸಿಡಿಗೆ ಹಂಚಿಹೋಗಿ, ಯುದ್ಧ ಶುರುವಾಗುವ ಹೊತ್ತಿಗೆ ಎದ್ದು ಹೋಗಿ ಡಿಸ್ಕು ಬದಲಿಸಬೇಕಾದರೂ ಚಿಂತೆಯಿಲ್ಲ, ಅದನ್ನು ಓದುವ ಯಂತ್ರ ಇರಬೇಕು. ಅಂಗಡಿಗೆ ಹೋಗುವಾಗ ಒಂದು ವಿಸಿಡಿ, ಒಂದು ಮದುವೆ ಡಿವಿಡಿ ಚೀಲದಲ್ಲಿಟ್ಟುಕೊಂಡು ಹೋಗಿ. ಅಂಗಡಿಯವನ ಡೆಮೊ ಡಿಸ್ಕು ಎಲ್ಲ ಯಂತ್ರದಲ್ಲೂ ಚೆನ್ನಾಗಿಯೇ ಕಾಣುತ್ತದೆ.

ಹಳೆಯ ಡಬ್ಬಾ ಟಿವಿಯನ್ನೇ ಇನ್ನೂ ಇಟ್ಟುಕೊಂಡವರು ಇನ್ನೊಂದು ತೊಡಕಿಗೆ ಸಿಗುತ್ತಾರೆ. ಬ್ಲೂ-ರೇಯ ನಕಲು ತಡೆ ಒಪ್ಪಂದದ ಪ್ರಕಾರ 2013ರ ನಂತರ ತಯಾರಾದ ಪ್ಲೇಯರುಗಳಿಂದ ಹಳದಿ ಪಿನ್ನಿನ ವಿಡಿಯೊ ತಂತಿಯ ತೂತನ್ನೇ ತೆಗೆದರು. ಎಚ್‌ಡಿಎಂಐ ಬಿಟ್ಟು ಬೇರೆ ದಾರಿ ಇಲ್ಲ. ಅಂಥ ಮನೆಗೆ ಡಿವಿಡಿ ಪ್ಲೇಯರೇ ಸರಿ.

ಓಟಿಟಿ ಇರುವಾಗ ಈ ರಗಳೆಯೆಲ್ಲ ಏಕೆ ಎಂಬ ಮಾತು ಪೂರ್ತಿ ತಪ್ಪೇನಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಪೋಸ್ಟಿಂಗ್ ಮೇಲೆ ಊರು ಬದಲಿಸುವ ಸೈನ್ಯದ ಸಂಸಾರಕ್ಕೆ ಕಪ್ಪು ಟ್ರಂಕಿನ ಭಾರ ಕಡಿಮೆಯಾದರೆ ಅದೇ ಪುಣ್ಯ. ಚಿತ್ರದ ಮಟ್ಟಕ್ಕೆ ಬಂದರೆ, 4ಕೆ ಸ್ಟ್ರೀಮಿಂಗಿಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ವೇಗ. ನಾನು ಮೇಲೆ ಲೆಕ್ಕ ಹಾಕಿದ ಮಾಮೂಲಿ ಬ್ಲೂ-ರೇಯ 22ಕ್ಕಿಂತ ಅದು ಕಡಿಮೆ. ಹೊಸ ಸಂಕೋಚನ ತಂತ್ರ ಆ ಅಂತರವನ್ನು ಬಹಳಷ್ಟು ಮುಚ್ಚುತ್ತದೆ, ಸಾಮಾನ್ಯ ನೋಡುಗರಿಗೆ ಗೊತ್ತಾಗುವುದಿಲ್ಲ. ತೊಂದರೆ ಇರುವುದು ಒಪ್ಪಂದ ಮುಗಿದ ದಿನ ಸಿನಿಮಾ ಸದ್ದಿಲ್ಲದೆ ಪಟ್ಟಿಯಿಂದ ಮಾಯವಾಗುವುದರಲ್ಲಿ.

ಕನ್ನಡದ ಹಳೆಯ ಸಿನಿಮಾಗಳಿಗೆ ನಿಜವಾದ ಎಚ್‌ಡಿ ಎಲ್ಲಿದೆ ಎಂದರೆ, ದೇಹೂ ರೋಡಿನಿಂದ ಒಂದು ಲೋಕಲ್ ಪ್ರಯಾಣದ ದೂರದಲ್ಲಿದೆ. ಪುಣೆಯ ಲಾ ಕಾಲೇಜ್ ರಸ್ತೆಯಲ್ಲಿ 1964ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಕಪಾಟುಗಳಲ್ಲಿ. 35 ಎಂಎಂ ನೆಗೆಟಿವಿನಲ್ಲಿ ಡಿವಿಡಿಗೆ ಬಂದದ್ದಕ್ಕಿಂತ ಎಷ್ಟೋ ಪಟ್ಟು ವಿವರ ಅಡಗಿರುತ್ತದೆ. ನಮ್ಮ ಡಿವಿಡಿಗಳು ಮಸುಕಾಗಿದ್ದಕ್ಕೆ ಸಿನಿಮಾ ಹಳೆಯದು ಎಂಬುದಕ್ಕಿಂತ, ಸವೆದ ಪ್ರಿಂಟಿನಿಂದಲೋ ಟಿವಿ ಟೇಪಿನಿಂದಲೋ ಇಳಿಸಿದ್ದೇ ಹೆಚ್ಚು ಕಾರಣ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲೇ ಓದಿದ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಈ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವಿನಿಂದ 4ಕೆಯಲ್ಲಿ ಪುನರುಜ್ಜೀವಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಂಥ ಹತ್ತು ಸಿನಿಮಾ ಡಿಸ್ಕಾಗಿ ಬಂದರೆ ಮೇಲೆ ‘ಬೇಡ’ ಎಂದದ್ದನ್ನು ನಾನು ಹಿಂತೆಗೆದುಕೊಳ್ಳುತ್ತೇನೆ. ಸದ್ಯಕ್ಕೆ ಆ ನಿರೀಕ್ಷೆಯ ಮೇಲೆ ಯಂತ್ರ ಕೊಳ್ಳಬಾರದು.

ಮದುವೆ ಡಿಸ್ಕಿನ ಮಾತು ಬಾಕಿ ಇದೆ. ಅಂಗಡಿಯ ಸಿನಿಮಾ ಡಿಸ್ಕುಗಳು ಕಾರ್ಖಾನೆಯಲ್ಲಿ ಒತ್ತಿದವು, ಅವುಗಳ ಗುಳಿಗಳು ಅಳಿಸುವುದಿಲ್ಲ. ಸ್ಟುಡಿಯೊದವನು ಬರೆದುಕೊಟ್ಟ ಮದುವೆ ಡಿವಿಡಿಯಲ್ಲಿ ಮಾಹಿತಿ ಇರುವುದು ಬಣ್ಣದ ಪದರವೊಂದರಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ಕ್ರಮೇಣ ಮಾಸುತ್ತದೆ. ಸಹ್ಯಾದ್ರಿಯ ಮಗ್ಗುಲಿನ ಈ ಊರಿನ ಮಳೆಗಾಲ ನಾಲ್ಕು ತಿಂಗಳು ಕಪಾಟಿನೊಳಗೆ ಏನು ಮಾಡುತ್ತದೆಂದು ಬೂಟಿಗೆ ಬೂಷ್ಟು ಹಿಡಿದದ್ದು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. ಮಾಸಿದ ಡಿಸ್ಕನ್ನು ಯಾವ ಬ್ಲೂ-ರೇ ಯಂತ್ರವೂ ಬದುಕಿಸಲಾರದು. ಒಂದು ಯಂತ್ರಕ್ಕೆ ದಕ್ಕದ ಡಿಸ್ಕನ್ನು ಇನ್ನೊಂದರ ಲೇಸರ್ ಓದುವುದುಂಟು. ಹೊಸ ಸೂಕ್ಷ್ಮ ಯಂತ್ರ ‘ನೋ ಡಿಸ್ಕ್’ ಎಂದದ್ದನ್ನು ಅಗ್ಗದ ಹಳೆಯ ಪ್ಲೇಯರ್ ಕೆಮ್ಮುತ್ತ ಕೆಮ್ಮುತ್ತ ತೋರಿಸಿಬಿಡಬಹುದು. ಆದ್ದರಿಂದ ಹೊಸದು ಬಂದ ಖುಷಿಯಲ್ಲಿ ಹಳೆಯದನ್ನು ಗುಜರಿಯವನ ಗಾಡಿಗೆ ಹಾಕಬೇಡಿ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಪ್ಲೇಯರಿಗಿಂತ ಅಗ್ಗ. ಮನೆಯ ಮದುವೆ-ಮುಂಜಿ ಡಿಸ್ಕುಗಳನ್ನೆಲ್ಲ ಮೊದಲು ಹಾರ್ಡ್ ಡಿಸ್ಕಿಗೆ ಇಳಿಸಿ, ಇನ್ನೊಂದು ಪ್ರತಿ ಊರಿನ ತಮ್ಮನ ಮನೆಯಲ್ಲಿಡಿ. ಪ್ಲೇಯರಿಗೆ ತಾಪ್ಕೀರ್ ಗಲ್ಲಿಗೆ ಹೋಗುವುದು ಅದಾದ ಮೇಲೆ, ಮಳೆಗಾಲಕ್ಕೆ ಮುಂಚೆ.